ಬೂದಿಬೆಟ್ಟದಲ್ಲಿ ನನ್ನ ಮಗಳ ಕಣ್ಣಿಗೆ ಹಚ್ಚಿದ ಅಂಜನದ ಬಗ್ಗೆ

ನನ್ನ ಹೆಸರು ಮಂಗಳಾ, ಗಂಡ ಬೀರೇಶ್, ವಯಸ್ಸು 36 ವರ್ಷ, ಹಿಟ್ಟಿನ ಗಿರಣಿ ನಡೆಸುವ ಕೆಲಸ, ವಾಸ ಬಿಳಿಗೆರೆ ಗ್ರಾಮ, ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ. ನನ್ನ ಮಗಳನ್ನು ಸೇರಿಸಿರುವ ತಿಪಟೂರಿನ ಆಸ್ಪತ್ರೆಗೆ ಈ ದಿನ ಬಂದು ವಿಚಾರಿಸಿದ ಪೊಲೀಸರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ, ಅತ್ತೆ ಚಿಕ್ಕಗಂಗಮ್ಮ ಮತ್ತು ಒಬ್ಬಳೇ ಮಗಳು ಸ್ಪಂದನಳ ಜೊತೆ ವಾಸವಾಗಿರುತ್ತೇನೆ. ಸ್ಪಂದನಳಿಗೆ ಹನ್ನೆರಡು ವರ್ಷ, ಏಳನೇ ತರಗತಿ ಓದುತ್ತಿದ್ದಾಳೆ. ಅವಳು ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. ಅಂಥವರನ್ನು ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಸೊಂಟ ಹಿಡಿದುಕೊಂಡವರು ಬಂದು ಅವಳಿಂದ ಬೆನ್ನಿಗೆ ಒದೆಸಿಕೊಂಡು ಹೋಗುತ್ತಿದ್ದರು. ನಾವು ಅದನ್ನು ನೋಡಿ ನಗುತ್ತಿದ್ದೆವು. ಪಾಯಾಳುವಿನ ಕಣ್ಣಿಗೆ ಅಂಜನ, ಅಂದರೆ ಮಂತ್ರಿಸಿದ ಕಪ್ಪು ಹಚ್ಚಿದರೆ ನೆಲದೊಳಗಿನ ನಿಧಿ ಕಾಣುತ್ತದೆ ಎಂದು ನಂಬುವ ಜನ ಇದ್ದಾರೆ ಎಂದು ಕೇಳಿದ್ದೆ. ಅವರು ನಮ್ಮ ಮನೆಯಲ್ಲೇ ಇದ್ದಾರೆ ಎಂಬುದು ಗೊತ್ತಿರಲಿಲ್ಲ.

ನನ್ನ ಗಂಡನ ಅಣ್ಣ ಸೂರ್ಯಪ್ರಕಾಶ್ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುತ್ತಾರೆ. ಹೆಣ್ಣು ಕೂಸು ಎಂದು ಸ್ಪಂದನಳ ತೊಟ್ಟಿಲ ಹತ್ತಿರವೂ ಬಾರದವರು, ಹೋದ ವಾರ ಜಹಾಂಗೀರಿನ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಏನವ್ವಾ, ಇಸ್ಕೂಲಲ್ಲಿ ರಾಜರ ಕಾಲದ ಪಾಠ ಓದ್ತಿದ್ದೀಯಂತೆ. ಪುಸ್ತಕ ಬುಡು ಅತ್ಲಾಗೆ, ಭಾನುವಾರ ಕೋಟೆ, ದೇವಸ್ಥಾನ ಎಲ್ಲಾ ನಾನೇ ತೋರುಸ್ತೀನಿ" ಎಂದರು. ದೊಡ್ಡಪ್ಪ ತನ್ನ ಹತ್ತಿರ ಮಾತಾಡಿದರು ಎಂದು ಅವಳು ಇಡೀ ವಾರ ಹಿಗ್ಗಿದಳು. ಶನಿವಾರವೇ ಹಳದಿ ಚೂಡಿದಾರ್ ಇಸ್ತ್ರಿ ಮಾಡಿಟ್ಟುಕೊಂಡಳು.

ದಿನಾಂಕ 16-02-2025ರ ಭಾನುವಾರ ಬೆಳಿಗ್ಗೆ 7 ಗಂಟೆಗೆ ಭಾವನವರ ಕಾರಿನಲ್ಲಿ ಹೊರಟೆವು. ಭಾವ, ಅವರ ಹೆಂಡತಿ ಅನುಪಮಾ, ನನ್ನ ಗಂಡ, ನಾನು, ಸ್ಪಂದನ ಮತ್ತು ಗಂಗಯ್ಯ ಎಂಬ ಸುಮಾರು ಅರವತ್ತು ವರ್ಷದ ವ್ಯಕ್ತಿ ಇದ್ದೆವು. ಈ ಗಂಗಯ್ಯನನ್ನು ನಾನು ಹಿಂದೆ ನೋಡಿರಲಿಲ್ಲ. ಹಳೆಯ ಶಾಸನಗಳ ವಿಚಾರ ತಿಳಿದವರು ಎಂದು ಭಾವ ಪರಿಚಯ ಮಾಡಿಸಿದರು. ಅವನ ಚೀಲದಿಂದ ಕೊಳೆತ ಮಾಂಸದಂಥ ವಾಸನೆ ಬರುತ್ತಿತ್ತು. ನಾನು ಕಿಟಕಿಯ ಗಾಜು ಇಳಿಸಿದೆ.

ಮೊದಲು ಅರಳಗುಪ್ಪೆಯ ದೇವಸ್ಥಾನಕ್ಕೆ ಹೋದೆವು. ಮಗಳು ನೆಲದ ಮೇಲೆ ಅಂಗಾತ ಮಲಗಿ ಚಾವಣಿಯ ಕೆತ್ತನೆಯನ್ನು ಬಹಳ ಹೊತ್ತು ನೋಡಿದಳು. ಭಾವನವರಾಗಲಿ ಗಂಗಯ್ಯನಾಗಲಿ ಒಳಗೆ ಬರಲಿಲ್ಲ. ಹೊರಗೆ ಕಾರಿಗೆ ಒರಗಿ ನಿಂತಿದ್ದು, ಹೊತ್ತಾಯಿತು ಎಂದು ಎರಡು ಸಲ ಹಾರನ್ ಮಾಡಿದರು.

ಅಲ್ಲಿಂದ ಹೊರಟು ಸುಮಾರು 11 ಗಂಟೆಗೆ ಹಂದನಕೆರೆಯಿಂದ ಆಚೆಗಿರುವ ಬೂದಿಬೆಟ್ಟದ ಬುಡ ತಲುಪಿದೆವು. ಡಿಕ್ಕಿಯಿಂದ ನನ್ನ ಗಂಡ ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತು ಮತ್ತು ಕಾಲು ಕಟ್ಟಿದ ಒಂದು ಹುಂಜ ತೆಗೆದರು. ಇವೇನು ಎಂದು ಕೇಳಿದ್ದಕ್ಕೆ, ಬೆಟ್ಟದ ದೇವರಿಗೆ ಹರಕೆಯಿದೆ, ಅಡುಗೆ ಅಲ್ಲೇ ಎಂದು ಹೇಳಿದರು. ಒಂದು ಗಂಟೆ ಹತ್ತಿದೆವು. ಮೇಲೆ ಪಾಳೇಗಾರರ ಕಾಲದ ಕೋಟೆಯ ಮುರುಕು ಗೋಡೆ, ಒಂದು ಮಂಟಪ, ಅದರ ಮುಂದೆ ಆಳೆತ್ತರದ ವೀರಗಲ್ಲು ಇರುತ್ತವೆ. ಅವುಗಳಿಂದ ಸುಮಾರು ಇನ್ನೂರು ಅಡಿ ಕೆಳಗೆ, ದೊಡ್ಡ ಬಂಡೆಗಳ ಮರೆಯಲ್ಲಿ ಒಂದು ಕೆರೆ ಇದೆ. ತೆಂಗಿನ ತೋಟದ ಬಾವಿ ಬಿಟ್ಟರೆ ಬೇರೆ ನೀರು ನೋಡಿದವಳಲ್ಲ ನಾನು. ಅಷ್ಟು ಎತ್ತರದಲ್ಲಿ, ಕಲ್ಲಿನ ಮಡಿಲಲ್ಲಿ ಅಷ್ಟು ತಿಳಿಯಾದ ನೀರು ನೋಡಿ ಸುಮ್ಮನೆ ನಿಂತುಬಿಟ್ಟೆ. ಮಗಳು ಕಾಲು ಇಳಿಬಿಟ್ಟು, "ಅಮ್ಮಾ, ಐಸ್ ಇದ್ದಂಗೈತೆ ಕಣಮ್ಮಾ" ಎಂದು ಕೂಗಿದಳು. ಅವಳು ಸಂತೋಷವಾಗಿದ್ದಳು ಎಂಬುದನ್ನು ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಸುಮಾರು 12-30ಕ್ಕೆ ಭಾವನವರು, ಮಗುವಿಗೆ ವೀರಗಲ್ಲು ತೋರಿಸಿಕೊಂಡು ಬರುತ್ತೇವೆ, ಹೆಂಗಸರು ಇಲ್ಲೇ ಊಟಕ್ಕೆ ಅಣಿ ಮಾಡಿ ಎಂದು ಹೇಳಿ, ಸ್ಪಂದನಳನ್ನೂ ನನ್ನ ಗಂಡನನ್ನೂ ಕರೆದುಕೊಂಡು ಹೋದರು. ಗಂಗಯ್ಯ ಕೆರೆಯ ಅಂಚಿಗೆ ಬಂದು ಹುಂಜದ ಕತ್ತು ಕೊಯ್ದು, ರಕ್ತವನ್ನು ತಟ್ಟೆಗೆ ಹಿಡಿದು, ಉಳಿದದ್ದನ್ನು ಪುಕ್ಕ ಸಮೇತ ಆ ನೀರಿಗೇ ಎಸೆದು ಮೇಲೆ ಹೋದನು. ಕುಡಿಯುವ ನೀರಿಗೆ ಹೀಗೆ ಮಾಡಬಹುದೇ ಎಂದು ನಾನು ಕೇಳಿದೆ. ಅವನು ತಟ್ಟೆ ಹಿಡಿದುಕೊಂಡು ಹತ್ತುತ್ತಲೇ ಇದ್ದನು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ನಾನು ಎದ್ದೆ. ಓರಗಿತ್ತಿ ಅನುಪಮಾ ನನ್ನ ಸೆರಗು ಹಿಡಿದು, "ಆ ಕಡೆ ಕ್ವಾರಿ ಐತೆ ಕಣೇ, ಕೂತ್ಕೋ, ಸೌತೆಕಾಯಿ ಹೆಚ್ಚು" ಎಂದರು. ನಾನು ಕುಳಿತು ಹೆಚ್ಚಿದೆ.

ಆಮೇಲೆ ಮಗಳು ಕಿರುಚಿದ್ದು ಕೇಳಿಸಿತು.

ನಾನು ಬಂಡೆ ಹತ್ತಿ ಓಡಿಹೋದಾಗ ವೀರಗಲ್ಲು ಕೆಳಗೆ ಬಿದ್ದು ಎರಡು ತುಂಡಾಗಿತ್ತು. ಅದು ನಿಂತಿದ್ದ ಜಾಗದಲ್ಲಿ ಮೊಣಕಾಲಿನಷ್ಟು ಆಳದ ಗುಂಡಿ, ಪಕ್ಕದಲ್ಲಿ ಹಾರೆ, ಕತ್ತರಿಸಿದ ನಿಂಬೆಹಣ್ಣು, ಕುಂಕುಮ ಇದ್ದವು. ಗುಂಡಿಯಲ್ಲಿ ಮಣ್ಣು ಬಿಟ್ಟು ಏನೂ ಇರಲಿಲ್ಲ. ಸ್ಪಂದನ ಮಂಟಪದ ಮೆಟ್ಟಿಲ ಮೇಲೆ ಎರಡೂ ಕಣ್ಣು ಉಜ್ಜಿಕೊಳ್ಳುತ್ತಾ ಒದ್ದಾಡುತ್ತಿದ್ದಳು. ಕಣ್ಣಿನ ಸುತ್ತ, ಕೆನ್ನೆಯ ಮೇಲೆ, ಚೂಡಿದಾರಿನ ಮೇಲೆ ಕಪ್ಪನೆಯ ಅಂಟು. ಕಾರಿನಲ್ಲಿ ಬರುತ್ತಿದ್ದ ವಾಸನೆ ಈಗ ನನ್ನ ಮಗಳ ಮುಖದಿಂದ ಬರುತ್ತಿತ್ತು. ನಾನು ಹೇಸುವವಳಲ್ಲ. ಮಾವನವರು ಹಾಸಿಗೆ ಹಿಡಿದಾಗ ಅವರ ಬೆನ್ನಿನ ಹುಣ್ಣಿನ ಕೀವನ್ನು ಎಂಟು ತಿಂಗಳು ನಾನೇ ತೊಳೆದಿದ್ದೇನೆ. ಆದರೆ ಅಲ್ಲಿ ನನಗೆ ವಾಂತಿಯಾಯಿತು. ಏನದು ಎಂದು ಕೇಳಿದ್ದಕ್ಕೆ ಗಂಗಯ್ಯ, ಹರಳೆಣ್ಣೆಯ ಮಸಿಯಲ್ಲಿ ಬೆಕ್ಕು ಮರಿ ಹಾಕಿದಾಗ ಬೀಳುವ ಮಾಸು ಅರೆದದ್ದು, ಜೊತೆಗೆ ಯಾವುದೋ ಗಿಡದ ಹಾಲು ಎಂದು, ದೊಡ್ಡ ವಿದ್ಯೆ ಹೇಳಿಕೊಡುವವನ ಹಾಗೆ ಹೇಳಿದನು.

ಮಗಳು ಆಮೇಲೆ ನನಗೆ ತಿಳಿಸಿದಂತೆ, ಮೊದಲ ಸಲ ಹಚ್ಚಿ ಏನು ಕಾಣುತ್ತದೆ ಎಂದು ಕೇಳಿದಾಗ ಏನೂ ಇಲ್ಲ ಎಂದಳಂತೆ. ನೋಡು ನೋಡು ಎಂದು ಬೈದಾಗ, ಬಿಟ್ಟರೆ ಸಾಕು ಎಂದು ಕಲ್ಲಿನ ಕೆಳಗೆ ಬಿಂದಿಗೆ ಕಾಣುತ್ತದೆ ಎಂದು ಸುಳ್ಳು ಹೇಳಿದಳಂತೆ. ಅಗೆದರೆ ಏನೂ ಸಿಗಲಿಲ್ಲ. ಭಾವನವರು ಅವಳ ಕೆನ್ನೆಗೆ ಹೊಡೆದು, ಗಂಗಯ್ಯನಿಂದ ಎಡಗಣ್ಣಿಗೆ ಎರಡನೇ ಸಲ ಹಚ್ಚಿಸಿದ್ದಾರೆ. ನಾನು ಕೇಳಿದ ಕಿರುಚಾಟ ಆಗಿನದು.

ನನ್ನ ಗಂಡ ಆ ಸಮಯದಲ್ಲಿ ಮಂಟಪದ ಹಿಂದಿನಿಂದ ಬಂದರು. ಯಾರಾದರೂ ಬರುತ್ತಾರೇನೋ ಎಂದು ಕಾವಲು ನಿಂತಿದ್ದೆ, ಮಗುವಿಗೆ ಹಚ್ಚಿದ್ದು ನನಗೆ ಗೊತ್ತೇ ಇಲ್ಲ ಎಂದು ಹೇಳಿದರು. ನಾನು ನಂಬಿದೆ.

ಮಗಳನ್ನು ಎತ್ತಿಕೊಂಡು ಕಣ್ಣು ತೊಳೆಯಲು ಕೆರೆಗೆ ಇಳಿದೆ. ಅಂಚಿನ ನೀರಿನಲ್ಲೆಲ್ಲ ರಕ್ತ, ಪುಕ್ಕ ತೇಲುತ್ತಿತ್ತು. ತಂದಿದ್ದ ಬಾಟಲಿ ನೀರಿನಲ್ಲಿ, ಹಿಂದೆಯೇ ಇಳಿದು ಬಂದ ಭಾವ ಮತ್ತು ಗಂಗಯ್ಯ ಆಗಲೇ ಕೈ ತೊಳೆದುಕೊಂಡು ಮುಗಿಸಿದ್ದರು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಕಾರು ತೆಗೆಯಿರಿ ಎಂದೆ. ಭಾವನವರು ಚಾಪೆಯ ಮೇಲೆ ಕುಳಿತು, ನಾನು ಬೆಳಗಿನ ಜಾವ ಎದ್ದು ಮಾಡಿದ್ದ ಚಿತ್ರಾನ್ನವನ್ನು ತಟ್ಟೆಗೆ ಬಡಿಸಿಕೊಂಡು, "ಉರಿ ಇರ್ತದೆ, ಬೆಣ್ಣೆ ಸವರು, ಹೋಯ್ತದೆ. ಉಂಡ್ಕೊಂಡು ಹೋಗಾನಾ" ಎಂದರು. ಗಂಗಯ್ಯನೂ ಕುಳಿತನು. ಅವನ ಉಗುರಿನ ಸಂದಿಯಲ್ಲಿ ಆ ಕಪ್ಪು ಹಾಗೆಯೇ ಇತ್ತು, ಆ ಕೈಯಲ್ಲೇ ವಡೆ ಮುರಿದನು. ಮಗಳು ಅವರಿಂದ ಹತ್ತು ಅಡಿ ದೂರದಲ್ಲಿ ಅಳುತ್ತಿದ್ದಳು. ಅವರು ಉಂಡರು. ಉಪ್ಪಿನಕಾಯಿ ಇದೆಯೇ ಎಂದೂ ಕೇಳಿದರು.

ನಾನು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಒಬ್ಬಳೇ ಇಳಿಯತೊಡಗಿದೆ. ಅರ್ಧ ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಮೈಲಾರಿ ಎಂಬುವವರು ಸಿಕ್ಕರು. "ಯಾಕವ್ವಾ, ಮಗೀಗೆ ಏನಾಯ್ತು?" ಎಂದು ಕೇಳಿ, ನಾನು ಹೇಳಿದ್ದನ್ನು ಕೇಳಿದ ಮೇಲೆ, "ಥೂ, ಅವರ ಬಾಯಿಗೆ ಮಣ್ಣಾಕ! ಮನುಷ್ಯರಾ ಅವರು?" ಎಂದು ಉಗಿದು, ತಮ್ಮ ಕ್ಯಾನಿನಲ್ಲಿದ್ದ ಕುಡಿಯುವ ನೀರನ್ನೆಲ್ಲ ಮಗಳ ಕಣ್ಣಿಗೆ ಸುರಿದರು. ಕುರಿಗಳನ್ನು ಹಾಗೆಯೇ ಬಿಟ್ಟು, ಬೆಟ್ಟದ ಬುಡದಲ್ಲಿದ್ದ ತಮ್ಮ ಬೈಕಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ತಂದು ಬಿಟ್ಟರು. ಆಗ ಮಧ್ಯಾಹ್ನ 3-15 ಗಂಟೆ. ವೈದ್ಯರು ಕಣ್ಣು ತೊಳೆದು, ಬಲಗಣ್ಣಿಗೆ ತೊಂದರೆಯಿಲ್ಲ, ಎಡಗಣ್ಣಿನ ಕಪ್ಪು ಗುಡ್ಡೆ ಸುಟ್ಟಿದೆ, ದೃಷ್ಟಿ ಉಳಿಯುತ್ತದೆ ಆದರೆ ಮಬ್ಬು ಪೂರ್ತಿ ಹೋಗುವ ಭರವಸೆ ಕೊಡಲಾರೆ ಎಂದು ತಿಳಿಸಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು.

ಮಾರನೆಯ ದಿನ, ದಿನಾಂಕ 17-02-2025ರಂದು ಅತ್ತೆಯವರು ಬಂದರು. ಸ್ಪಂದನ ಪಾಯಾಳು ಎಂದು ಗಂಗಯ್ಯನಿಗೆ ಹೇಳಿದ್ದು ತಾವೇ ಎಂದು ಒಪ್ಪಿಕೊಂಡರು. "ಕಣ್ಣಿಗೆ ಧೂಳು ಬಿತ್ತು ಅಂತ ಬರೆಸು ಕಣವ್ವಾ. ಇಬ್ರು ಗಂಡುಮಕ್ಕಳು ಜೈಲಿಗೆ ಹೋದ್ರೆ ಮನೆ ಉಳಿತದಾ?" ಎಂದು ಅತ್ತರು. ಇಬ್ಬರು ಯಾಕೆ, ತಪ್ಪು ಮಾಡಿದ್ದು ಭಾವನವರಲ್ಲವೇ ಎಂದು ಕೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು.

ಅದೇ ದಿನ ಸಂಜೆ ನನ್ನ ಗಂಡ ವಾರ್ಡಿಗೆ ಬಂದರು. ಇನ್ನೂ ಬಾಗಿಲಲ್ಲಿದ್ದರು, ಮಾತಾಡಿರಲಿಲ್ಲ. ಕಣ್ಣಿಗೆ ಪಟ್ಟಿ ಇದ್ದ ಮಗಳು ಚಪ್ಪಲಿಯ ಸದ್ದು ಕೇಳಿದ ಕೂಡಲೇ ತನ್ನ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡಳು.

ನಾನು ಅವರನ್ನು ಹೊರಗೆ ಕಳಿಸಿ, ಯಾಕವ್ವಾ ಎಂದು ಕೇಳಿದೆ. "ನನ್ನ ಕೈ ಹಿಂದಕ್ಕೆ ಹಿಡ್ಕೊಂಡಿದ್ದು ಅಪ್ಪನೇ ಅಮ್ಮಾ. ಎರಡು ಸಲಾನೂ" ಎಂದಳು. ಕಂಬಳಿ ಸರಿಸಿ ನೋಡಿದಾಗ ಎರಡೂ ಮಣಿಕಟ್ಟಿನಲ್ಲಿ ಬೆರಳಿನ ಗುರುತು ಕಂದಿ ನೀಲಿಯಾಗಿತ್ತು.

ಈ ದಿನ ತಾವು ಯಾರ ಯಾರ ಮೇಲೆ ದೂರು ಎಂದು ಕೇಳಿರುತ್ತೀರಿ. ಸೂರ್ಯಪ್ರಕಾಶ್, ಗಂಗಯ್ಯ, ನನ್ನನ್ನು ತಡೆದು ಕೂರಿಸಿದ ಅನುಪಮಾ. ಗಂಡನ ಹೆಸರು ಸೇರಿಸಬೇಕೇ, ಯೋಚನೆ ಮಾಡಿ ಎಂದು ತಾವು ಪೆನ್ನು ಕೆಳಗಿಟ್ಟಿರಿ. ಯೋಚನೆ ಮಾಡಿದ್ದೇನೆ. ಬೀರೇಶ್ ಎಂಬ ಹೆಸರನ್ನು ಎಲ್ಲರಿಗಿಂತ ಮೊದಲು ಬರೆಯಿರಿ.

ಇಷ್ಟು ನಾನು ಕಣ್ಣಾರೆ ಕಂಡದ್ದು ಮತ್ತು ನನ್ನ ಮಗಳ ಬಾಯಿಂದ ಕೇಳಿದ್ದು. ಯಾರೂ ಹೇಳಿಕೊಟ್ಟದ್ದಲ್ಲ. ಬರೆದದ್ದನ್ನು ಓದಿ ಹೇಳಿದ್ದನ್ನು ಕೇಳಿ, ನಾನು ಹೇಳಿದಂತೆಯೇ ಇದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ತಿಪಟೂರು
ದಿನಾಂಕ: 18-02-2025

(ಸಹಿ)
ಮಂಗಳಾ
ಸ್ಪಂದನಳ ತಾಯಿ