ಮೂರು ಪಾಯಿಂಟ್ ಒಂಬತ್ತು

…ಮತ್ತ ಆ ಮೀಟರ್ ಕಡೀನೇ ಯಾಕ ನೋಡಾಕತ್ತೀರಿ ಬಾಯಾರ? ಅದು ಚಲೋ ಅದ! ಕೆಟ್ಟಿದ್ದು ಹಾಲು, ಮೀಟರ್ ಅಲ್ಲ. ರಿಪೋರ್ಟ್ ಬರದಿಟ್ಟೀನಿ, ಓದ್ರಿ, ಕೆಳಗ ಸಹಿ ಹಾಕ್ರಿ, ಕಲಬುರ್ಗಿ ಜೀಪ್ ಹತ್ರಿ. ಇಪ್ಪತ್ತೆಂಟು ವರ್ಷ ಆತು ಈ ಚಂದ್ರಾಮಪ್ಪ ಈ ಡೈರ್ಯಾಗ ಹಾಲು ತಂಪು ಮಾಡಾಕತ್ತು. ನೀವು ಇಂಜಿನಿಯರ್ ಇರಬಹುದು, ಪ್ರಮಿಲಾಬಾಯಾರ, ನಾನೇನೂ ಇಲ್ಲ ಅನ್ನಂಗಿಲ್ಲ… ಆದ್ರ ನಾ ನೌಕರಿಗೆ ಬಂದಾಗ ನೀವು ಹುಟ್ಟಿದ್ರಿಲ್ಲೋ ಏನೋ!

ಓದಿದ್ರಿ? ಇಷ್ಟೇ ನೋಡ್ರಿ ಸುದ್ದಿ. ಸೋಮವಾರ ಮುಂಜಾನಿ ಟಾಕಿ ಮುಚ್ಚಳ ತೆಗದ್ರ ಐದು ಸಾವಿರ ಲೀಟರ್ ಹಾಲು ಒಡದು ನೀರು ಬ್ಯಾರೆ, ಗಡ್ಡಿ ಬ್ಯಾರೆ. ಯಾಕ? ಗೊಬ್ಬೂರ ಸಕ್ಕುಬಾಯಿ ರವಿವಾರ ಸಂಜಿ ಹುಳಿ ಹಾಲು ತಂದು ಸುರುವಿದ್ಲು. ಒಂದು ಕ್ಯಾನ್ ಹುಳಿ ಸಾಕು, ಟಾಕಿಗೆ ಟಾಕೀನೇ ಹೋಗ್ತದ. ನಾನೇ ಮೂಗಿಲೆ ಮೂಸಿದ್ದೆ! ನೀವು ಸಹಿ ಮಾಡಿದ್ರ ಆಕಿ ಹೆಸರು ಪಟ್ಟಿಯಿಂದ ಹೊಡದು ಹಾಕ್ತೀವಿ. ಮುಂದ ಯಾವ ಊರಾಗೂ ಆಕಿ ಹಾಲು ತಗೊಳ್ಳಂಗಿಲ್ಲ.

ಹೂಂ, ಗೇಟಿನ ಮುಂದ ಬೋರಲು ಬಿದ್ದ ಕ್ಯಾನ್ ಆಕೀದೇ. ನಮ್ಮಲ್ಲಿ ರಿವಾಜು ಅದ, ಹಾಲು ಕೆಡಿಸಿದವರ ಕ್ಯಾನ್ ಹಂಗ ಬೋರಲು ಹಾಕ್ತೀವಿ, ನಾಲ್ಕು ಮಂದಿ ನೋಡ್ಲಿ ಅಂತ. ಬಾಜೂಕ ಕುಂತಾಳಲ್ಲ, ಆಕೀನೇ. ಮೂರು ದಿನ ಆತು, ಎರಡೂ ಹೊತ್ತು ಬಂದು ಕೂಡ್ತಾಳ. ಹೋಗು ಅಂದ್ರ ಹೋಗಂಗಿಲ್ಲ. ಹೆಸರು ಅಂದ ಕೂಡ್ಲೆ ಅಳಾಕ ಶುರು ಮಾಡಿದ್ಲು ನೋಡ್ರಿ, ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ.

ಏನ್ರಿ, ನಗು ಬಂತೇನು? ಇಲ್ಲ? ಮತ್ತ ತುಟಿ ಹಂಗ್ಯಾಕ ಮಾಡಿದ್ರಿ?

ಬರ್ರಿ, ಮೀಟರೇ ಬೇಕಂದ್ರ ಮೀಟರೇ ಹೇಳ್ತೀನಿ. ಹೋದ ವರ್ಷ, ತೊಂಬತ್ನಾಲ್ಕರಾಗ ತಂದು ಹಾಕಿದ್ರು. ಅದಕ್ಕಿಂತ ಮೊದಲು ಹಾಲು ಎಷ್ಟು ತಂಪದ ಅಂತ ನೋಡಾಕ ಈ ಅಂಗೈನೇ ಮೀಟರ್ ಇತ್ರಿ. ಟ್ರೇನಿಂಗ್‌ಗೆ ಬಾ ಅಂದ್ರು, ನಾ ಹೋಗ್ಲಿಲ್ಲ. ನನಗ್ಯಾಕ ಬೇಕು ಟ್ರೇನಿಂಗ್? ಆ ಪುಸ್ತಕ ಒಬ್ಬಾಂವನೇ ಕುಂತು ಓದ್ಕೊಂಡೆ. ಟಾಕಿಯೊಳಗ ಸೆನ್ಸರ್ ಅದ, ಕಡ್ಡಿ ಇದ್ದಂಗ. ಅದರ ತಂತಿ ಹರೀತು ಅಂದ್ರ ಇಲ್ಲಿ ಕೆಂಪು ಅಕ್ಷರದಾಗ ‘ಓಪನ್’ ಅಂತ ಬರ್ತದ. ತಂತಿಗೆ ತಂತಿ ತಾಗಿದ್ರ ‘ಶಾರ್ಟ್’. ಹಾಲು ಬಿಸಿ ಆದ್ರ ‘ಹೈ’. ಬರೇ ಅಂಕಿ ಬಂದ್ರ ಎಲ್ಲ ಬರೋಬ್ಬರಿ. ಈಗ ಏನದ? ಮೂರು ಪಾಯಿಂಟ್ ಒಂಬತ್ತು. ನಾಲ್ಕು ಡಿಗ್ರಿಗೆ ಕೂದಲೆಳಿ ಕಮ್ಮಿ! ಇದಕ್ಕಿಂತ ಚಲೋ ಏನ್ ಬೇಕ್ರಿ?

ಹೂಂ… ಹೋದ ಗುರುವಾರ ‘ಓಪನ್’ ಬಂದಿತ್ತು, ಸುಳ್ಳ್ಯಾಕ ಹೇಳ್ಲಿ. ದತ್ತಪ್ಪ, ನಮ್ಮ ಇನ್ನೊಬ್ಬ ಆಪರೇಟರ್, ಹೆದರಿ ಓಡಿ ಬಂದ. ನಾ ಎರಡು ಸ್ಕ್ರೂ ಬಿಗಿ ಮಾಡ್ದೆ, ಐದು ಮಿನಿಟ್‌ನ್ಯಾಗ ಅಂಕಿ ಬಂತು. ಎಲ್ಲಾರೂ ಚಪ್ಪಾಳಿ ಹೊಡದ್ರು. ಟ್ರೇನಿಂಗಿಗೆ ಹೋದವರು ಬಾಯಿ ತಕ್ಕೊಂಡು ನಿಂತಿದ್ರು ಬಾಯಾರ!

ರಜಿಸ್ಟರ್ ಏನ್ ನೋಡ್ತೀರಿ? ನೋಡ್ರಿ, ನೋಡ್ರಿ. ಗುರುವಾರದಿಂದ ಮೂರು ಪಾಯಿಂಟ್ ಒಂಬತ್ತು, ಮೂರು ಪಾಯಿಂಟ್ ಒಂಬತ್ತು… ಮುಂಜಾನಿ ಕರೆದ ಬಿಸಿ ಹಾಲು ಬಂದು ಬಿದ್ರೂ ಮೂರು ಪಾಯಿಂಟ್ ಒಂಬತ್ತು… ಅದು… ಅದು ಚಲೋ ಮಷೀನ್ ಲಕ್ಷಣ!

ಬೆರಳು ಎಲ್ಲಿ ಇಟ್ರಿ? ರವಿವಾರದ ಸಹಿ… ಹೂಂ, ದತ್ತಪ್ಪಂದು. ನಾ ಅವತ್ತು ಘತ್ತರಗಿಗೆ ಹೋಗಿದ್ದೆ, ಅಮಾಸಿ ಇತ್ತು, ದೇವಿ ಭಾಗ್ಯವಂತಿಗೆ ಹರಕಿ ಇತ್ತು. ಸೋಮವಾರ ಮುಂಜಾನಿ ಬಂದೆ. ಹಾಲು ಮೂಸಿದ್ದು?… ಶನಿವಾರ ಇರಬೇಕು ಬಿಡ್ರಿ! ವಯಸ್ಸಾತು, ನೆನಪು ಇರಂಗಿಲ್ಲ. ಅದಕ್ಕೇನ್ ಗಲ್ಲಿಗೆ ಹಾಕ್ತೀರಿ?

ಏ… ಏ ಬಾಯಾರ, ಸ್ಕ್ರೂ ಡ್ರೈವರ್ ಯಾಕ? ಆ ಮುಚ್ಚಳ ಬಿಚ್ಚಬ್ಯಾಡ್ರಿ. ಶಾಕ್ ಹೊಡೀತದ! ನಾ ಹೇಳಾಕತ್ತೀನಿ, ಬ್ಯಾಡ… ಹಿರಿಯಾಂವ ಹೇಳಾಕತ್ತೀನಿ… ಛೇ.

…

ಹೂಂ. ನೋಡಿದ್ರಲ್ಲ. ಈಗರ ಬೈರಿ!

ರೆಸಿಸ್ಟರ್ ಅದು. ನೂರು ಓಮಿಂದು. ಆಳಂದ ರೇಡಿಯೋ ಅಂಗಡ್ಯಾಗ ಮೊದಲೇ ತಂದಿಟ್ಟಿದ್ದೆ. ಪುಸ್ತಕದಾಗೇ ಬರದದ, ‘ಓಪನ್’ ಬಂದ್ರ ಸೆನ್ಸರಿನ ತಂತಿ ತೆಗೀರಿ, ಆ ಜಾಗಾದಾಗ ಇದನ್ನ ಹಾಕಿ ನೋಡ್ರಿ, ಸೊನ್ನಿ ಬಂದ್ರ ಮೀಟರ್ ಚಲೋ ಅದ, ಸೆನ್ಸರ್ ಸತ್ತದ. ಇದು ಬರೋಬ್ಬರಿ ನೂರು ಇದ್ದಿಲ್ಲ ಕಾಣ್ತದ, ಸೊನ್ನಿ ಬದಲಿ ಮೂರು ಪಾಯಿಂಟ್ ಒಂಬತ್ತು ತೋರಿಸ್ತು. ಪರೀಕ್ಷಾ ಆದ ಮ್ಯಾಲ ತೆಗೀಬೇಕಿತ್ರಿ. ಗೊತ್ತಿತ್ತು ನನಗ. ಆದ್ರ ಅಂಕಿ ಬಂತು ಅಂತ ಹಿಂದ ಚಪ್ಪಾಳಿ ಬಿತ್ತಲ್ಲ… ಕೈ ಏಳ್ಲಿಲ್ಲ.

ಹಂಗ ನೋಡಬ್ಯಾಡ್ರಿ! ನಾ ಸುಮ್ಮ ಕೂತಿದ್ದಿಲ್ಲ. ಹಾಲು ತಂಪದ ಅಂತ ಮೀಟರ್ ಸುಳ್ಳು ಹೇಳ್ತಿತ್ತು, ಕಂಪ್ರೆಸರ್ ತಾನಾಗಿ ಶುರು ಆಗ್ತಿದ್ದಿಲ್ಲ. ಅದಕ್ಕ ನಾನೇ ತಾಸಿಗೊಮ್ಮೆ ಟಾಕಿಗೆ ಅಂಗೈ ಹಚ್ಚಿ, ಕೈಲೆ ಸ್ವಿಚ್ ಒತ್ತಿ ನಡಸ್ತಿದ್ದೆ. ಗುರುವಾರ, ಶುಕ್ರವಾರ, ಶನಿವಾರ… ಮನೀಗೂ ಹೋಗ್ಲಿಲ್ಲ, ಒಂದು ಹನಿ ಹಾಲು ಕೆಡ್ಲಿಲ್ಲ! ಸುಮ್ಮಕ ಹೊಸ ಸೆನ್ಸರ್ ತರಿಸಿ ಹಾಕಿಬಿಡ್ತೀನಿ ಅಂದಿದ್ದೆ.

ರವಿವಾರ? ರವಿವಾರ ದತ್ತಪ್ಪಗ ಒಂದು ಮಾತು ಹೇಳಿ ಹೋಗಬೇಕಿತ್ತು. ಬಾಯಿ ತನ ಬಂದಿತ್ರಿ. ರಿಪೇರಿ ಮಾಡೀನಿ ಅಂತ ಎದಿ ಉಬ್ಬಿಸಿ ಹೇಳಿದಾಂವ, ಮಾಡಿಲ್ಲೋ ತಮ್ಮಾ ಅಂತ ಹೆಂಗ ಹೇಳ್ಲಿ? ಆಂವ ಇಡೀ ದಿನ ಅಂಕಿ ನೋಡಿ ನೋಡಿ ರಜಿಸ್ಟರ್ ಬರದ. ಆಂವಂದೇನೂ ತಪ್ಪಿಲ್ಲ. ಬ್ಯಾಸಗಿ ಹಾಲು, ಕಂಪ್ರೆಸರ್ ಒಮ್ಮೆನೂ ತಿರಗ್ಲಿಲ್ಲ. ಸೋಮವಾರ ಬಂದು ಟಾಕಿಗೆ ಕೈ ಹಚ್ಚಿದ್ರ… ಬೆಚ್ಚಗಿತ್ತು ಬಾಯಾರ.

ಬರಕೋರಿ. ಎಲ್ಲಾ ಬರಕೋರಿ! ನೌಕರಿ ತಗೋತೀರಿ? ತಗೋರಿ. ನಾ ಯಾರಿಗೂ ಅಂಜಂಗಿಲ್ಲ. ಪೆನ್ ಯಾಕ ಕೆಳಗ ಇಟ್ರಿ? ಬರೀರೆಲ…

ಬಾಗಲ ಯಾಕ ತೆಗದ್ರಿ? ಸಂಜಿ ಹಾಲಿನ ಹೊತ್ತು, ಲೈನ್ ಹತ್ತಿರತದ ಹೊರಗ. ಸರದು ಯಾಕ ನಿಂತ್ರಿ? ನಾನೇ ಹೋಗ್ಬೇಕಾ? ಇಲ್ಲ ಬಾಯಾರ, ಬ್ಯಾಡ. ಕಾಗದದಾಗ ಏನರ ಬರೀರಿ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅಷ್ಟು ಮಂದಿ ಮುಂದ… ಆ ಹೆಣ್ಮಕ್ಳ ಮುಂದ…

ಆ ಬೋರಲು ಕ್ಯಾನ್ ಕಡಿ ಯಾಕ ನೋಡಾಕತ್ತೀರಿ?

…ಹೂಂ. ಆಕಿಗೂ ನಾ ಎಲ್ಲಾರ ಮುಂದೇ ಅಂದಿದ್ದೆ.

ಸರೀರವ್ವಾ, ಜರಾ ದಾರಿ ಬಿಡ್ರಿ. ಎಲ್ಲಾರೂ ಕೇಳ್ರಿ. ಕ್ಯಾನ್ ಕೆಳಗಿಡು ದತ್ತಪ್ಪಾ, ನೀನೂ ಕೇಳು. ಸಕ್ಕುಬಾಯೀ… ಏಳವ್ವಾ, ನೀ ಯಾಕ ನೆಲದ ಮ್ಯಾಲ ಕೂಡ್ತಿ. ನಿನ್ನ ಹಾಲು ಕೆಟ್ಟಿದ್ದಿಲ್ಲ. ಕೆಡಿಸಿದಾಂವ ನಾನು. ಸೋಮವಾರ ಮುಂಜಾನಿ ನನಗ ಯಾರದರ ಒಂದು ಹೆಸರು ಬೇಕಾಗಿತ್ತು… ನೀ ಲೈನಿನ್ಯಾಗ ಎಲ್ಲಾರಿಗಿಂತ ಮುಂದ ನಿಂತಿದ್ದಿ ಯವ್ವಾ, ಅಷ್ಟೇ.