ಬಿಚ್ಚಿಹೋದ ಕೌದಿಯ ಪರವಾಗಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಆಸ್ಪತ್ರೆಯ ಹಿರಿಯರೇ, ನನಗಿಂತ ಗೋಡೆ ಬದಿಯ ಕೇಕಿನ ತಟ್ಟೆಗಳನ್ನೇ ಹೆಚ್ಚು ಗೌರವದಿಂದ ನೋಡುತ್ತಿರುವ ಸಭಿಕರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ಸಭಾಂಗಣದ ಎಡಗಡೆಯ ಕೊನೆಯ ಪರದೆ ಉಳಿದವುಗಳಿಗಿಂತ ಒಂದು ಗೇಣು ಗಿಡ್ಡ. ಒಗೆದಾಗ ಕುಗ್ಗಿತು ಎಂದು ಕಾವಲುಗಾರರು ನಂಬಿದ್ದಾರೆ. ಅದು ಕುಗ್ಗಿದ್ದಲ್ಲ, ನನ್ನ ಕತ್ತರಿಗೆ ತಗ್ಗಿದ್ದು. ಮಕ್ಕಳ ವಾರ್ಡಿಗೆಂದು ಹೊಲಿಯುತ್ತಿದ್ದ ಕೌದಿಗೆ ಹಸಿರು ಅಂಚು ಸಾಲದೆ ಬಂದಾಗ, ಮಂಡಿಯೂರಿ, ಪೂರ್ಣ ಪ್ರಜ್ಞೆಯಿಂದ ನಾನೇ ಈ ಅಪರಾಧ ಎಸಗಿದೆ. ಪಶ್ಚಾತ್ತಾಪವಿಲ್ಲ. ಉಳಿದ ಕಿಟಕಿಗಳೂ ಹುಷಾರಾಗಿರಲಿ.

ಇಂದಿನ ಸಮಾರಂಭಕ್ಕೆ ನಮ್ಮ ಕೌದಿ ಬಳಗದ ಬೀಳ್ಕೊಡುಗೆ ಎಂದು ಹೆಸರಿಟ್ಟಿದ್ದೀರಿ. ಬೀಳುವವರು ನಾವು, ಕೊಡುಗೆ, ತಲೆಗೊಂದು ಗಡಿಯಾರ. ನಿಮ್ಮ ಹೊತ್ತು ಮುಗಿಯಿತು ಎನ್ನುವುದನ್ನು ಇಷ್ಟು ನಾಜೂಕಾಗಿ ಹೇಳಿದ್ದಕ್ಕೆ ವಂದನೆಗಳು. ಆದರೆ ಸ್ವಾಮಿ, ನಾವು ಹೋಗುವುದಿಲ್ಲ ಎಂದರೆ ಏನು ಮಾಡುತ್ತೀರಿ?

ನಾವು ತೇಪೆ ಹಚ್ಚುವ ಜನ. ಆದರೂ ಇವತ್ತಿನ ಮಾತಿಗೆ ತೇಪೆ ಹಚ್ಚುವುದಿಲ್ಲ. ಆಸ್ಪತ್ರೆಯ ಹಿಂದಿನ ಆ ಕೋಣೆ, ಮುರಿದ ಮಂಚಗಳನ್ನು ತುಂಬಿದ್ದಾಗ ಯಾರಿಗೂ ಬೇಕಿರಲಿಲ್ಲ. ನನ್ನ ಅತ್ತಿಗೆ ಮತ್ತು ಅವರ ಗೆಳತಿಯರು ಅದನ್ನು ಗುಡಿಸಿ, ಉದ್ದನೆಯ ಮೇಜು ಹಾಕಿ, ಕಿಟಕಿಯಾಚೆ ತರಕಾರಿ ಬೆಳೆದರು. ಸಿಹಿಗುಂಬಳ, ಕ್ಯಾರೆಟ್, ಬೀಟ್‌ರೂಟ್ ತುರಿದು ಕೇಕ್ ಮಾಡಿ, ರೋಗಿಗಳನ್ನು ನೋಡಲು ಬಂದವರಿಗೆ ಮಾರಿ, ಆ ದುಡ್ಡಿನಲ್ಲಿ ಹತ್ತಿ, ದಾರ ತಂದರು. ಅಧ್ಯಕ್ಷರೇ, ಬೀಟ್‌ರೂಟಿನ ವಾಸನೆಯೇ ಆಗದು ಎನ್ನುವ ತಾವು ಈಗಷ್ಟೇ ಎರಡನೆಯ ತುಂಡನ್ನು ಮುಗಿಸಿದ್ದೀರಿ. ಗಾಬರಿ ಬೇಡ, ವೈದ್ಯರು ಪಕ್ಕದಲ್ಲೇ ಇದ್ದಾರೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿಕೊಂಡಿದ್ದ ಗಂಡಸಿಗೆ ಅಲ್ಲೇನು ಕೆಲಸ ಎಂದು ಕೇಳುತ್ತೀರಿ. ಆ ಮೇಜಿನ ಸುತ್ತ ಒಂದು ಕುರ್ಚಿ ಖಾಲಿಯಿತ್ತು. ನನ್ನಾಕೆಯದು. ಅವಳು ಹೋದ ಮೇಲೆ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ದಿನ ಅತ್ತಿಗೆ ಮನೆಗೆ ಬಂದು, "ಗೋಡೆಗಳಿಗೆ ಪಾಠ ಮಾಡಿದ್ದು ಸಾಕು. ಬಾ, ಸೂಜಿ ಹಿಡಿ. ಕುರ್ಚಿಯ ಒಂದು ಕಾಲು ಅಲ್ಲಾಡುತ್ತೆ, ನೋಡ್ಕೊಂಡು ಕೂತ್ಕೋ" ಎಂದರು. ಅಂದು ಕೂತವನು ಇಂದಿಗೂ ಎದ್ದಿಲ್ಲ. ಈಗ ತಾವು ಏಳು ಎನ್ನುತ್ತಿದ್ದೀರಿ. ಎದ್ದು ಎಲ್ಲಿಗೆ ಹೋಗಲಿ? ಇರಲಿ, ಇದು ಭಾಷಣದಲ್ಲಿ ಇರಲಿಲ್ಲ, ಬಾಯಿಗೆ ಬಂತು.

ಇಷ್ಟಕ್ಕೂ ನಮ್ಮ ಮೇಲಿನ ಆರೋಪವೇನು? ಒಂದು ಕೌದಿ ಒಗೆಯುವಾಗ ಬಿಚ್ಚಿಹೋಯಿತು. ಆದ್ದರಿಂದ ಕೈಹೊಲಿಗೆ ನಂಬುವಂತಿಲ್ಲ, ಇನ್ನು ಮಕ್ಕಳಿಗೆಲ್ಲ ಕಾರ್ಖಾನೆಯ ಬೂದು ಕಂಬಳಿ, ನಮ್ಮ ಕೋಣೆಗೆ ಬೀಗ. "ಹೋಗ್ಲಿ ಬಿಡು, ಜಗಳ ಯಾಕೆ?" ಎಂದರು ಅತ್ತಿಗೆ. ಯಾಕೆ ಬಿಡಬೇಕು? ತಪ್ಪು ನಿಮ್ಮ ಒಗೆಯುವ ಯಂತ್ರದ್ದು! ನಮ್ಮ ಕೈಯದಲ್ಲ! ಅತ್ತಿಗೆ ಕಲಿಸಿದ ಮೊದಲ ಪಾಠವೇ, "ಗಂಟು ಕಾಣಬಾರದು, ಮಗುವಿನ ಬೆನ್ನಿಗೆ ಒತ್ತುತ್ತೆ" ಎಂದು. ಆ ಪಾಠವನ್ನು ನನ್ನಷ್ಟು ಚೆನ್ನಾಗಿ ಕಲಿತವರಿಲ್ಲ. "ಪರವಾಗಿಲ್ವೋ, ಗಂಟು ಎಲ್ಲಿದೆ ಅಂತಾನೇ ಗೊತ್ತಾಗಲ್ಲ" ಎಂದು ಸ್ವತಃ ಅತ್ತಿಗೆಯೇ ಬೆರಗಾಗಿದ್ದಾರೆ.

ಸಾಕ್ಷಿಗೆ ಆ ಬಿಚ್ಚಿದ ಕೌದಿಯನ್ನೇ ತಂದಿದ್ದೀರಂತಲ್ಲ? ತನ್ನಿ, ಎಲ್ಲರೆದುರೇ ಬಿಡಿಸಿ. ಬಟ್ಟೆ ಒಗೆಯುವ ಅಕ್ಕ, ಆ ತುದಿ ನೀವು ಹಿಡಿಯಿರಿ. ನೋಡಿ ಸಭಿಕರೇ, ಈ ಬಣ್ಣ ನೋಡಿ, ಈ ಜೋಡಣೆ ನೋಡಿ, ನಡುವಿನ ಈ ನೀಲಿ ಗೆರೆಯ ತುಂಡು ನೋಡಿ...

ಒಂದು ನಿಮಿಷ. ಕನ್ನಡಕ ಹಾಕಿಕೊಳ್ಳುತ್ತೇನೆ.

ಈ ನೀಲಿ ತುಂಡಿನಲ್ಲಿ ಆಸಿಡ್ ಬಿದ್ದ ತೂತಿದೆ. ಆಸಿಡ್ ಬಿದ್ದ ಅಂಗಿ ಇಡೀ ಬಳಗದಲ್ಲಿ ಒಬ್ಬನಿಗೇ ಇತ್ತು.

ಅತ್ತಿಗೆ, ಮುಂದಿನ ಸಾಲಿನಿಂದ ಹಾಗೆ ನೋಡಬೇಡಿ. ಗಂಟು ಕಾಣಬಾರದು ಎಂದಿರಿ. ಗಂಟು ಹಾಕಿ, ಅದನ್ನು ಪದರದೊಳಗೆ ಎಳೆದು ಬಚ್ಚಿಡಬೇಕು ಎಂದು ನನಗೆ ಹೊಳೆಯಲಿಲ್ಲ. ನಾನು ಗಂಟೇ ಹಾಕಿಲ್ಲ.

ಅಧ್ಯಕ್ಷರೇ, ಯಂತ್ರದ ಬಗ್ಗೆ ಆಡಿದ ಮಾತನ್ನು ವಾಪಸ್ ಪಡೆಯುತ್ತಿದ್ದೇನೆ. ಕೋಣೆಯ ಬಗ್ಗೆ ಆಡಿದ್ದನ್ನು ಪಡೆಯುವುದಿಲ್ಲ. ಈ ಹೆಂಗಸರು ಹೊಲಿದ ಒಂದಾದರೂ ಕೌದಿ ಬಿಚ್ಚಿದೆಯೇ? ಆ ಅಕ್ಕನನ್ನೇ ಕೇಳಿ. ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಾರೆ, ನೋಡಿದಿರಿ. ಕಳಿಸಲೇಬೇಕೆಂದರೆ ನನ್ನೊಬ್ಬನನ್ನು ಕಳಿಸಿ. ಅವರ ಮೇಜು ಮುಟ್ಟಬೇಡಿ.

ಕೊನೆಯದಾಗಿ ಒಂದು ಸಣ್ಣ ವಿಷಯ. ನಾನು ಹೊಲಿದ ಇನ್ನೂ ಮೂರು ಕೌದಿಗಳು ವಾರ್ಡಿನಲ್ಲಿವೆ. ಅವು ಒಗೆತಕ್ಕೆ ಬಂದಿಲ್ಲ ಅಷ್ಟೇ. ಸಿಸ್ಟರ್, ಯಾವುದಾದರೂ ಮಗು ಈಗ ಮಂಚದ ಮೇಲೆ ಕೂತು ದಾರದ ತುದಿ ಎಳೆಯುತ್ತಿದ್ದರೆ, ದಯವಿಟ್ಟು ಬೇಗ ಹೋಗಿ ಕೈ ಹಿಡಿದುಕೊಳ್ಳಿ.

ಸಹಿಸಿಕೊಂಡ ಎಲ್ಲರಿಗೂ ಕೃತಜ್ಞತೆಗಳು. ಓಡಬೇಕಾದವರಿಗೆ ಮೊದಲು, ಕೂತವರಿಗೆ ಆಮೇಲೆ, ನಮಸ್ಕಾರ.