ಹಿಡಿದ ಜಾಗಕ್ಕೆ ಬಣ್ಣ ಹತ್ತಲ್ಲ

ಊರವರ ಬಾಯಲ್ಲಿ ಕೇಳಿದ್ದಲ್ಲ ಇದು, ನಮ್ಮ ಚಿಕ್ಕಪ್ಪನ ಮಗ ಅಣ್ಣನಿಗೇ ಆದದ್ದು. ರಾತ್ರಿ ಪಾಳಿ ಮುಗಿಸಿ ಹಾಳುಬಾವಿ ಪಕ್ಕದಲ್ಲಿ ಮನೆಗೆ ಬರ್ತಿದ್ದ. ಬಾವಿಯೊಳಗಿಂದ... ಗುಳುಗುಳು... ಗುಳುಗುಳು... ಆಮೇಲೆ ಟಣ್! ನೀರೇ ಇಲ್ಲದ ಬಾವಿ ಮಾರಾಯ. ಅಣ್ಣ ನಿಂತುಬಿಟ್ಟ. ಯಾಕೆ ನಿಂತ ಅಂತ ತಿಳೀಬೇಕಾದ್ರೆ ಗಿಡ್ಡನ ವಿಷಯ ಹೇಳಬೇಕು.

ಅಲ್ಯುಮಿನಿಯಂ ಸಾಮಾನಿಗೆ ಹೊಳಪು ಕೊಟ್ಟು ಬಣ್ಣ ಹಾಕುವ ಶೆಡ್ಡು. ದುಡಿಯೋರು ಇಬ್ಬರೇ, ಅಣ್ಣ ಮತ್ತು ಗಿಡ್ಡ. ಹೊಳಪಿನ ಆಸಿಡ್ ತೊಟ್ಟಿಯಿಂದ ಕಂದು ಹೊಗೆ ಏಳುತ್ತೆ. ಅದನ್ನ ಎಳೆಯೋ ಫ್ಯಾನು ಕೆಟ್ಟು ಎಷ್ಟೋ ಕಾಲ ಆಗಿತ್ತು. ಧಣಿಗೆ ಬಿಸಿ ತಟ್ಟಿದ್ರೆ ತಾನೇ? ಒಂದು ಸಂಜೆ ಗಿಡ್ಡ ಆ ಹೊಗೆ ಕುಡಿದ. ಕೆಮ್ಮಿದ, ನಕ್ಕ, ಮನೆಗೆ ಹೋಗಿ ಉಂಡು ಮಲಗಿದ. ಪಾಪಿ ಹೊಗೆ ಅದು, ತಡವಾಗಿ ಕೊಲ್ಲುತ್ತೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮನೆಯಲ್ಲಿ ಸತ್ತದ್ದೇ ಧಣಿಗೆ ಅನುಕೂಲವಾಯ್ತು. "ಅವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ" ಅಂದ. ಗಿಡ್ಡನ ಹೆಂಡತಿ ಅಣ್ಣನ ಕಾಲು ಹಿಡಿದಳು. "ನೋಡಿದೋರು ನೀವೊಬ್ಬರೇ, ಪರಿಹಾರದ ವಿಚಾರಣೇಲಿ ಅಧಿಕಾರಿ ಮುಂದೆ ನಿಜ ಹೇಳಿ ಸಾಕು." ನಮ್ಮಣ್ಣ ಹೊಟ್ಟೆಪಾಡು ನೋಡ್ಕೊಂಡ. ಧಣಿ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ. ಅವಳು ಬರಿಗೈಲಿ ವಾಪಸ್ ಹೋದಳು. ನೆನೆಸಿಕೊಂಡ್ರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅದೇ ವಾರ ಈ ಬಾವಿ. ಗುಳುಗುಳು ಅಂದದ್ದು ಆಸಿಡ್ ತೊಟ್ಟಿಯ ಗುಳ್ಳೆ ಸದ್ದು. ಟಣ್ ಅಂದದ್ದು ಸಾಮಾನನ್ನ ಕ್ಲಿಪ್ಪಿಗೆ ಸಿಕ್ಕಿಸಿ ಅದ್ದೋ ಚೌಕಟ್ಟು ತೊಟ್ಟಿಯ ಅಂಚಿಗೆ ತಾಗಿದ ಸದ್ದು. ಅಣ್ಣನಿಗೆ ಗೊತ್ತಾಗದೇ ಇರುತ್ತಾ?

ಯಾರೋ ಮಣಿಕಟ್ಟು ಹಿಡಿದರು. ತಣ್ಣಗೆ... ಗಟ್ಟಿಯಾಗಿ. ಕಿವಿಯ ಹತ್ತಿರ ಗಿಡ್ಡನ ದನಿ.

"ಅಣ್ಣಾ... ಅವತ್ತು ನಾನು ಕೆಲಸಕ್ಕೆ ಬಂದಿದ್ನಾ?"

ಅಲ್ಲಿ ಧಣಿ ಇಲ್ಲ, ಅಧಿಕಾರಿ ಇಲ್ಲ, ನರಪಿಳ್ಳೆ ಇಲ್ಲ. ಅಲ್ಲಾದ್ರೂ ನಿಜ ಹೇಳಬಹುದಿತ್ತಲ್ಲ?

"ಇಲ್ಲ... ಬಂದಿರಲಿಲ್ಲ."

"ಹೌದಾ... ಹಾಗಾದ್ರೆ ನಾನೇ ತಪ್ಪು ತಿಳ್ಕೊಂಡಿದ್ದೆ, ಬಿಡು."

ಹಿಡಿತ ಸಡಿಲಾಯ್ತು. ಬಾವಿ ಸುಮ್ಮನಾಯ್ತು.

ಮಾರನೇ ದಿನ ಅಣ್ಣ ಎಂದಿನ ಹಾಗೆ ಕಪ್ಪು ಬಣ್ಣದ ತೊಟ್ಟಿಗೆ ಬರಿಗೈ ಹಾಕಿದ. ಕೈಯೆಲ್ಲ ಕಪ್ಪಾಯ್ತು. ಮಣಿಕಟ್ಟಿನಲ್ಲಿ ಮಾತ್ರ ಐದು ಬೆರಳಿನ ಜಾಗ ಬಿಳುಚಿಕೊಂಡೇ ಉಳೀತು. ಕ್ಲಿಪ್ಪು ಕಚ್ಚಿ ಹಿಡಿದ ಕಡೆ ಲೋಹಕ್ಕೆ ಬಣ್ಣ ಹತ್ತಲ್ಲ, ಆ ಕಸುಬಿನವರಿಗೆಲ್ಲ ಗೊತ್ತು. ಆದರೆ ಇದು ಚರ್ಮ. ಮತ್ತೆ ಅದ್ದಿದ... ಮತ್ತೆ ಅದ್ದಿದ. ಹತ್ತಲೇ ಇಲ್ಲ.

ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೀನಿ. ಧಣಿಯೂ ಕಂಡ. ಏನು, ಎತ್ತ ಅಂತ ಒಂದು ಮಾತು ಕೇಳಲಿಲ್ಲ. ಸಂಜೆಯೊಳಗೆ ಅಣ್ಣನಿಗೆ ಮಣಿಕಟ್ಟು ಯಾರಿಗೂ ಕಾಣದ ಹಾಗೆ ಮೊಣಕೈವರೆಗೆ ಬರೋ ರಬ್ಬರ್ ಗ್ಲೌಸು ತರಿಸಿಕೊಟ್ಟ. ಆ ಶೆಡ್ಡಿಗೆ ಬಂದ ಮೊದಲ ಗ್ಲೌಸು ಅದು.